ಟೈಮ್‌ಶೀಟ್ ತುಂಬುವ ಕೆಲಸವನ್ನು ಎಐ ಏಜೆಂಟಿಗೆ ಎಷ್ಟರಮಟ್ಟಿಗೆ ಬಿಡಬಹುದು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಐದು ಜನ ಸೇರಿ ನಡೆಸುತ್ತಿರುವ ಸಣ್ಣ ಸಾಫ್ಟ್‌ವೇರ್ ಸಂಸ್ಥೆ. ಮುಖ್ಯ ಗ್ರಾಹಕರು ಅಮೆರಿಕದ ಚಿಕಾಗೋದಲ್ಲಿದ್ದಾರೆ, ಬಿಲ್ ಗಂಟೆಯ ಲೆಕ್ಕದಲ್ಲಿ. ಕೆಲಸದ ಗಂಟೆಗಳನ್ನು ದಾಖಲಿಸುವ ಟಾಗಲ್ ಟ್ರ್ಯಾಕ್ ಎಂಬ ತಂತ್ರಾಂಶದ ಉಚಿತ ಯೋಜನೆಯನ್ನು ಬಳಸುತ್ತೇವೆ. ಆದರೆ ಟೈಮರ್ ಒತ್ತುವುದು ಯಾರಿಗೂ ನೆನಪಿರುವುದಿಲ್ಲ. ಶುಕ್ರವಾರ ಸಂಜೆ ಕುಳಿತು ಇಡೀ ವಾರದ ಗಂಟೆಗಳನ್ನು ನೆನಪಿನಿಂದ ತುಂಬುತ್ತೇವೆ. ಎಐ ಏಜೆಂಟಿಗೆ ಟಾಗಲ್ ಖಾತೆಯ ಕೀಲಿಯಾದ ಟೋಕನ್ ಕೊಟ್ಟು, ಕ್ಯಾಲೆಂಡರ್ ಮತ್ತು ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ನೋಡಿ ಅದೇ ಟೈಮ್‌ಶೀಟ್ ತುಂಬುವಂತೆ, ತಿಂಗಳ ಕೊನೆಗೆ ಬಿಲ್ಲಿನ ವರದಿಯನ್ನೂ ತಯಾರಿಸುವಂತೆ ಮಾಡಬಹುದೇ? ಎಲ್ಲಿಂದ ಆರಂಭಿಸಬೇಕು?

ಉತ್ತರ: ಏಜೆಂಟ್ ಕರಡು ಬರೆಯಲಿ, ನಮೂದನ್ನು ಒಪ್ಪುವ ಕೆಲಸ ಮಾತ್ರ ಆ ಗಂಟೆಯಲ್ಲಿ ಕೆಲಸ ಮಾಡಿದವರದೇ ಆಗಿರಲಿ ಎಂಬುದು ನನ್ನ ಸಲಹೆ. ತಾಂತ್ರಿಕವಾಗಿ ನೀವು ಕೇಳಿದ್ದೆಲ್ಲವೂ ಸಾಧ್ಯವಿದೆ, ಒಂದು ವಾರಾಂತ್ಯದಲ್ಲಿ ಕಟ್ಟಿ ಮುಗಿಸಲೂಬಹುದು. ಆದರೆ ಗಂಟೆಯ ಲೆಕ್ಕದಲ್ಲಿ ಬಿಲ್ ಮಾಡುವ ಸಂಸ್ಥೆಗೆ ಟೈಮ್‌ಶೀಟ್ ಎಂಬುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವಿದ್ದಂತೆ: ಸರಕು ಕೊಟ್ಟ ಹೊತ್ತಿಗೆ, ಕೊಟ್ಟವರ ಕೈಯಿಂದಲೇ ಬರೆದದ್ದು ಎಂಬ ನಂಬಿಕೆಯ ಮೇಲೆ ಗಿರಾಕಿ ಹಣ ಎಣಿಸುತ್ತಾನೆ. ಅಮೆರಿಕದ ರಕ್ಷಣಾ ಗುತ್ತಿಗೆಗಳ ಲೆಕ್ಕ ಪರಿಶೋಧಿಸುವ ಡಿಸಿಎಎ ಸಂಸ್ಥೆ ಗುತ್ತಿಗೆದಾರರಿಂದ ನಿರೀಕ್ಷಿಸುವುದೂ ಇದನ್ನೇ. ನೌಕರರು ತಮ್ಮ ಗಂಟೆಗಳನ್ನು ತಾವೇ, ಆಯಾ ದಿನವೇ ದಾಖಲಿಸಬೇಕು, ಆಮೇಲೆ ತಿದ್ದಿದರೆ ಯಾರು ಏಕೆ ತಿದ್ದಿದರೆಂಬ ಸುಳಿವು ಉಳಿಯಬೇಕು. ನಿಮ್ಮ ಗ್ರಾಹಕರಿಗೆ ಆ ನಿಯಮ ಅನ್ವಯಿಸದೇ ಇರಬಹುದು, ಆದರೂ ಬಿಲ್ಲಿನ ಬಗ್ಗೆ ತಕರಾರು ಬಂದ ದಿನ ಅವರು ಕೇಳುವ ಪ್ರಶ್ನೆ ಬೇರೆಯದಾಗಿರುವುದಿಲ್ಲ.

ನಿಮ್ಮ ಈಗಿನ ಪದ್ಧತಿಯಲ್ಲಿ ದೊಡ್ಡ ದೋಷವಿರುವುದು ತುಂಬುವ ಶ್ರಮದಲ್ಲಲ್ಲ, ತುಂಬುವ ದಿನದಲ್ಲಿ. ಸೋಮವಾರದ ಕೆಲಸವನ್ನು ಶುಕ್ರವಾರ ಬರೆಯುವವರು ವಾಸ್ತವದಲ್ಲಿ ಊಹೆಯನ್ನೇ ಬರೆಯುತ್ತಿರುತ್ತಾರೆ. ಆದ್ದರಿಂದ ಏಜೆಂಟಿನಿಂದ ನೀವು ಪಡೆಯಬೇಕಾದ ಮೊದಲ ಸೇವೆಯೆಂದರೆ, ಪ್ರತಿದಿನ ಸಂಜೆ ಪ್ರತಿಯೊಬ್ಬರ ಮುಂದೆ ಆ ದಿನದ ಸುಳಿವುಗಳನ್ನು ಒಟ್ಟುಗೂಡಿಸಿ ಇಡುವುದು. ಐದು ನಿಮಿಷದಲ್ಲಿ ನೋಡಿ, ತಿದ್ದಿ, ಒಪ್ಪಿದರೆ ಕೆಲಸ ಮುಗಿಯಿತು.

ಈ ಸುಳಿವುಗಳು ಎಷ್ಟು ನಂಬಲರ್ಹ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಕ್ಯಾಲೆಂಡರಿನಲ್ಲಿರುವುದು ನಡೆಯಬೇಕಾಗಿದ್ದ ಸಭೆ. ಅದು ನಡೆಯಿತೇ, ಒಂದು ಗಂಟೆಯ ಸಭೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತೇ ಎಂಬುದು ಕ್ಯಾಲೆಂಡರಿಗೆ ಗೊತ್ತಿಲ್ಲ. ಗಿಟ್ ಕಮಿಟ್, ಅಂದರೆ ಕೋಡಿನ ಬದಲಾವಣೆಯೊಂದನ್ನು ಉಳಿಸಿದ ದಾಖಲೆ, ಕೆಲಸದ ಒಂದು ತುಣುಕು ಮುಗಿದ ಕ್ಷಣವನ್ನು ಹೇಳುತ್ತದೆಯೇ ಹೊರತು ಆರಂಭವಾದ ಕ್ಷಣವನ್ನಲ್ಲ. ಅದರಲ್ಲೂ ಒಂದೊಂದು ಕಮಿಟ್ಟಿಗೆ ಎರಡು ದಿನಾಂಕಗಳಿರುತ್ತವೆ, ಒಂದು ಲೇಖಕರದು, ಇನ್ನೊಂದು ಕಮಿಟರ್‌ನದು, ಅಂದರೆ ಅದನ್ನು ದಾಖಲೆಗೆ ಸೇರಿಸಿದವರದು. ರೀಬೇಸ್ ಮಾಡಿದಾಗ, ಅಂದರೆ ಹಳೆಯ ಕಮಿಟ್‌ಗಳನ್ನು ಹೊಸ ಬುಡದ ಮೇಲೆ ಮತ್ತೆ ಜೋಡಿಸಿದಾಗ, ಎರಡನೆಯದು ಹೊಸದಾಗುತ್ತದೆ, ಮೊದಲನೆಯದು ಹಳೆಯದೇ ಉಳಿಯುತ್ತದೆ. ಏಜೆಂಟ್ ತಪ್ಪು ದಿನಾಂಕವನ್ನು ಓದಿದರೆ ಮಂಗಳವಾರದ ಮೂರು ಗಂಟೆಯ ಕೆಲಸವೆಲ್ಲ ಗುರುವಾರದ ಒಂದೇ ನಿಮಿಷದಲ್ಲಿ ಬಂದು ಕೂರುತ್ತದೆ. ಲೇಖಕರ ದಿನಾಂಕವನ್ನು ಓದುವಂತೆ ಸ್ಪಷ್ಟವಾಗಿ ಹೇಳಿ.

ಇವೆರಡಕ್ಕಿಂತ ಹತ್ತಿರದ ಸಾಕ್ಷ್ಯ ಬೇಕೆಂದರೆ ಆಕ್ಟಿವಿಟಿವಾಚ್ ಎಂಬ ಮುಕ್ತ ತಂತ್ರಾಂಶವಿದೆ. ಯಾವ ವಿಂಡೋ ಎಷ್ಟು ಹೊತ್ತು ಮುಂದಿತ್ತು ಎಂಬುದನ್ನು ಅದು ತಾನಾಗಿಯೇ ಬರೆದಿಡುತ್ತದೆ; ಮೂರು ನಿಮಿಷ ಕೀಬೋರ್ಡ್, ಮೌಸ್ ಅಲುಗದಿದ್ದರೆ ಎದ್ದು ಹೋಗಿದ್ದಾರೆಂದು ಗುರುತಿಸುತ್ತದೆ. ದತ್ತಾಂಶವೆಲ್ಲ ಅವರವರ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಅದೇ ಯಂತ್ರದ 5600ನೇ ಪೋರ್ಟಿನಲ್ಲಿ ಎಪಿಐ (ಒಂದು ತಂತ್ರಾಂಶ ಇನ್ನೊಂದರೊಂದಿಗೆ ಮಾತನಾಡುವ ದಾರಿ) ಮೂಲಕ ಓದಬಹುದು. ಇದು ನನಗೆ ಮೆಚ್ಚುಗೆಯಾದ ಉಪಕರಣ, ಆದರೆ ಒಂದು ಎಚ್ಚರಿಕೆಯೊಂದಿಗೆ. ವಿಂಡೋ ಶೀರ್ಷಿಕೆಗಳಲ್ಲಿ ಬ್ಯಾಂಕಿನ ಪುಟ, ವೈದ್ಯರ ಅಪಾಯಿಂಟ್‌ಮೆಂಟ್, ಬೇರೆ ಗ್ರಾಹಕರ ಕಡತದ ಹೆಸರು ಎಲ್ಲವೂ ಇರುತ್ತವೆ. ಅದನ್ನು ಹಾಗೆಯೇ ಎತ್ತಿ ಹೊರಗಿನ ಎಐ ಮಾದರಿಗೆ ಕಳುಹಿಸಬಾರದು. ಆಯಾ ಕಂಪ್ಯೂಟರಿನಲ್ಲೇ ಒಂದು ಚಿಕ್ಕ ಪ್ರೋಗ್ರಾಂ, ಗೊತ್ತಿರುವ ಯೋಜನೆಗಳ ಹೆಸರಿಗೆ ಹೊಂದುವ ಶೀರ್ಷಿಕೆಗಳನ್ನು ಮಾತ್ರ ಆರಿಸಿ, ಉಳಿದುದನ್ನೆಲ್ಲ ‘ಇತರೆ’ ಎಂದು ಒಟ್ಟುಮಾಡಿ, ಆ ಸಾರಾಂಶವನ್ನಷ್ಟೇ ಮುಂದೆ ಕೊಡಬೇಕು. ಸುಳಿವೇ ಇಲ್ಲದ ಹೊತ್ತನ್ನು ಏಜೆಂಟ್ ಖಾಲಿ ಬಿಡಬೇಕೆಂಬ ನಿಯಮವೂ ಇರಲಿ. ಹೇಳದೇ ಹೋದರೆ ಈ ಮಾದರಿಗಳು ದಿನವನ್ನು ಅಚ್ಚುಕಟ್ಟಾಗಿ ಎಂಟು ಗಂಟೆಗೆ ತುಂಬಿಸಿಕೊಡುವುದುಂಟು, ಓದಲು ಚೆಂದ, ಆದರೆ ಅದರಲ್ಲಿ ನಿಜವೆಷ್ಟು ಎಂದು ಹೇಳಲಾಗದು. ಕೇವಲ ಹೇಳಿದರೂ ಸಾಲದು. ಪ್ರತಿ ಕರಡಿನ ಸಾಲಿಗೂ ಅದಕ್ಕೆ ಆಧಾರವಾದ ಸಭೆ, ಕಮಿಟ್ ಅಥವಾ ವಿಂಡೋ ಸಾರಾಂಶದ ಗುರುತು ಇರಲೇಬೇಕು, ಇಲ್ಲದ ಸಾಲನ್ನು ಪ್ರೋಗ್ರಾಂ ತಿರಸ್ಕರಿಸಬೇಕು.

ಇನ್ನು ಕೆಲಸದ ಹಂಚಿಕೆ. ಓದಿ ಅರ್ಥಮಾಡಿಕೊಳ್ಳಬೇಕಾದುದು ಏಜೆಂಟಿಗೆ, ನಿಯಮದಂತೆ ನಡೆಯಬೇಕಾದುದು ಸಾಮಾನ್ಯ ಆಟೊಮೇಷನ್‌ಗೆ. ‘ಲಾಗಿನ್ ಸರಿಪಡಿಸಿದೆ’ ಎಂಬ ಕಮಿಟ್ ಯಾವ ಯೋಜನೆಗೆ ಸೇರಬೇಕು, ಮೂರು ಸಣ್ಣ ತುಣುಕುಗಳು ಒಂದೇ ಕೆಲಸವೇ ಎಂಬುದು ಮೊದಲನೆಯ ಬಗೆ. ಸಮಯ ವಲಯ ಬದಲಿಸುವುದು, ಕೂಡುವುದು, ಪೂರ್ಣಗೊಳಿಸುವುದು (ರೌಂಡಿಂಗ್), ದರದಿಂದ ಗುಣಿಸುವುದು ಎರಡನೆಯ ಬಗೆ. ಭಾಷಾ ಮಾದರಿಗೆ ಇನ್ನೂರು ನಮೂದುಗಳನ್ನು ಕೊಟ್ಟು ಒಟ್ಟು ಎಷ್ಟು ಎಂದು ಕೇಳಿದರೆ ಬಹುಪಾಲು ಸರಿಯಾಗಿಯೇ ಹೇಳೀತು. ಬಿಲ್ಲಿಗೆ ಬಹುಪಾಲು ಸರಿ ಸಾಲದು. ಮೊತ್ತವನ್ನು ಟಾಗಲ್‌ನ ರಿಪೋರ್ಟ್ಸ್ ಎಪಿಐಯಿಂದ ಅಥವಾ ನಿಮ್ಮದೇ ಸ್ಪ್ರೆಡ್‌ಶೀಟ್ ಸೂತ್ರದಿಂದ ಪಡೆಯಿರಿ, ಅದನ್ನು ವಾಕ್ಯಗಳಾಗಿ ಬರೆಯುವ ಕೆಲಸವನ್ನಷ್ಟೇ ಏಜೆಂಟಿಗೆ ಕೊಡಿ.

ಲೆಕ್ಕದ ಭಾಗದಲ್ಲಿ ಮೊದಲು ನೋಡಬೇಕಾದದ್ದು ಗಡಿಯಾರ. ಟಾಗಲ್‌ನ ಎಪಿಐ ಸಮಯವನ್ನು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುತ್ತದೆ, ನಾವಿರುವುದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಅಕ್ಟೋಬರ್ 1ರ ನಸುಕಿನ 4:45ಕ್ಕೆ ಆರಂಭಿಸಿದ ಕೆಲಸ ಯುಟಿಸಿಯಲ್ಲಿ ಸೆಪ್ಟೆಂಬರ್ 30ರ ರಾತ್ರಿ 11:15ರದು. ಅಷ್ಟೇ ಅಲ್ಲ, ಅಕ್ಟೋಬರ್ 1ರ ಬೆಳಗ್ಗೆ 9ಕ್ಕೆ ನೀವು ಕಚೇರಿಗೆ ಬಂದು ಕುಳಿತಾಗಲೂ ಚಿಕಾಗೋದಲ್ಲಿ ಸೆಪ್ಟೆಂಬರ್ 30ರ ರಾತ್ರಿ 10:30. ಈ ಗಂಟೆಗಳು ಯಾವ ತಿಂಗಳ ಬಿಲ್ಲಿಗೆ ಸೇರಬೇಕು ಎಂಬುದನ್ನು ತಂತ್ರಾಂಶ ತೀರ್ಮಾನಿಸಲಾರದು. ಗ್ರಾಹಕರೊಂದಿಗಿನ ಒಪ್ಪಂದದಲ್ಲಿ ಒಂದು ಸಾಲು ಬರೆಯಿಸಿ. ನವೆಂಬರಿನ ಮೊದಲ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಮಾರ್ಚಿನ ಎರಡನೆಯ ಭಾನುವಾರ ಮುಂದಕ್ಕೆ ಬರುತ್ತದೆ; ನಮ್ಮದು ಅಲುಗುವುದಿಲ್ಲ. ಹಾಗಾಗಿ ‘ಹತ್ತೂವರೆ ಗಂಟೆ ಕಳೆ’ ಎಂದು ಸೂತ್ರದಲ್ಲಿ ಬರೆದಿಟ್ಟರೆ ಚಳಿಗಾಲದಲ್ಲಿ ತಪ್ಪುತ್ತದೆ. ವಲಯದ ಹೆಸರನ್ನು ಕೊಡಿ, ಅಂತರವನ್ನು ಕೊಡಬೇಡಿ.

ಆಟೊಮೇಷನ್‌ಗೆ ಜೇಪಿಯರ್, ಹಿಂದೆ ಇಂಟೆಗ್ರೊಮ್ಯಾಟ್ ಎಂದಿದ್ದು 2022ರಲ್ಲಿ ಹೆಸರು ಬದಲಿಸಿಕೊಂಡ ಮೇಕ್, ಬರ್ಲಿನ್ ಮೂಲದ ಎನ್8ಎನ್ ಇವು ಮೂರೂ ಒದಗುತ್ತವೆ. ನಿಮ್ಮಂಥ ಸಂಸ್ಥೆಗೆ ನಾನು ಎನ್8ಎನ್ ಅನ್ನು ಆರಿಸುತ್ತೇನೆ, ಏಕೆಂದರೆ ಅದನ್ನು ಸ್ವಂತ ಸರ್ವರಿನಲ್ಲಿ ನಡೆಸಬಹುದು, ನೌಕರರ ದಿನಚರಿ ಮೂರನೆಯವರ ಕೈಗೆ ಹೋಗುವುದಿಲ್ಲ. ಆದರೆ ಸ್ವಂತ ಸರ್ವರಿನಲ್ಲಿ ಹಾಕಿದಾಗ ಅದರ ಪೂರ್ವನಿಯೋಜಿತ ಸಮಯ ವಲಯ ನ್ಯೂಯಾರ್ಕ್ ಆಗಿರುತ್ತದೆ. ಇದನ್ನು ಬದಲಿಸದೆ ಸಂಜೆ 6ಕ್ಕೆ ಕರಡು ಕಳುಹಿಸು ಎಂದು ಹೇಳಿದರೆ, ಬೇಸಿಗೆಯಲ್ಲಿ ಅದು ನಿಮ್ಮ ಫೋನಿಗೆ ಬರುವುದು ನಸುಕಿನ ಮೂರೂವರೆಗೆ. ನಮ್ಮ ಕಡೆಯ ಅನೇಕರು ಇದನ್ನು ಏಜೆಂಟಿನ ತಪ್ಪೆಂದು ತಿಳಿದು ಸೂಚನೆಗಳನ್ನು ತಿದ್ದುತ್ತಾ ಕೂರುತ್ತಾರೆ.

ಪೂರ್ಣಗೊಳಿಸುವ ನಿಯಮದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನೀವು 15 ನಿಮಿಷದ ಘಟಕಕ್ಕೆ ಮೇಲ್ಮುಖವಾಗಿ ಪೂರ್ಣಗೊಳಿಸುವವರಾದರೆ, ತಲಾ 8 ನಿಮಿಷದ ಏಳು ನಮೂದುಗಳು ಒಂದೊಂದಾಗಿ ಪೂರ್ಣಗೊಂಡಾಗ 105 ನಿಮಿಷವಾಗುತ್ತವೆ. ಒಟ್ಟು 56 ನಿಮಿಷವನ್ನು ಪೂರ್ಣಗೊಳಿಸಿದರೆ 60. ಮನುಷ್ಯರು ನೆನಪಿನಿಂದ ಬರೆಯುವಾಗ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ, ಏಕೆಂದರೆ ಅವರು ಎರಡು ಗಂಟೆಯ ದೊಡ್ಡ ತುಂಡುಗಳನ್ನೇ ಬರೆಯುತ್ತಿದ್ದರು. ಆಟೊಮೇಷನ್ ಬಂದ ಮೇಲೆ ನಮೂದುಗಳು ಚೂರುಚೂರಾಗುತ್ತವೆ, ಯಾರ ದುರುದ್ದೇಶವೂ ಇಲ್ಲದೆ ಬಿಲ್ ಉಬ್ಬುತ್ತದೆ, ಗ್ರಾಹಕರ ಕಣ್ಣಿಗೆ ಅದು ಮೊದಲು ಬೀಳುತ್ತದೆ. ದಿನಕ್ಕೊಮ್ಮೆ, ಯೋಜನೆವಾರು ಮೊತ್ತದ ಮೇಲೆ ಮಾತ್ರ ಪೂರ್ಣಗೊಳಿಸುವುದು ಉಭಯರಿಗೂ ಕ್ಷೇಮ. ಇದರ ಜೊತೆಗೆ ಎರಡು ಚಿಲ್ಲರೆ ತೊಡಕುಗಳು: 7 ಗಂಟೆ 50 ನಿಮಿಷ ಎಂಬುದು ದಶಮಾಂಶದಲ್ಲಿ 7.83, 7.50 ಅಲ್ಲ, ಮತ್ತು ಟಾಗಲ್‌ನಲ್ಲಿ ಇನ್ನೂ ಓಡುತ್ತಿರುವ ಟೈಮರಿನ ಅವಧಿ ಋಣ ಸಂಖ್ಯೆಯಾಗಿ ಬರುತ್ತದೆ, ಅದನ್ನು ಬಿಡದೆ ಕೂಡಿದರೆ ಮೊತ್ತ ಕೆಡುತ್ತದೆ.

ಒಪ್ಪಿದ ಕರಡನ್ನು ಟಾಗಲ್‌ಗೆ ಬರೆಯುವ ಹಂತಕ್ಕೆ ಬರೋಣ. ಇದು ಆಟೊಮೇಷನ್ ಮಾಡುವ ಕೆಲಸ, ಏಜೆಂಟಿನದಲ್ಲ. ಎಪಿಐ ಮೂಲಕ ನಮೂದನ್ನು ಸೃಷ್ಟಿಸುವಾಗ ಅದನ್ನು ಯಾವ ತಂತ್ರಾಂಶ ಸೃಷ್ಟಿಸಿತು ಎಂಬ ಕ್ಷೇತ್ರವನ್ನು ತುಂಬುವುದು ಟಾಗಲ್‌ನಲ್ಲಿ ಕಡ್ಡಾಯ. ಅಲ್ಲಿ ನಿಮ್ಮ ಆಟೊಮೇಷನ್‌ನ ಹೆಸರನ್ನು ಹಾಕಿ, ಜೊತೆಗೆ ‘ಕರಡಿನಿಂದ’ ಎಂಬ ಟ್ಯಾಗನ್ನೂ ಸೇರಿಸಿದರೆ, ಕೈಯಿಂದ ಬರೆದದ್ದು ಯಾವುದು, ಕರಡಿನಿಂದ ಬಂದದ್ದು ಯಾವುದು ಎಂದು ಆರು ತಿಂಗಳ ನಂತರವೂ ಬೇರ್ಪಡಿಸಬಹುದು. ಒಂದೇ ನಮೂದು ಎರಡು ಸಲ ಬೀಳದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ. ಜಾಲದ ತೊಂದರೆಯಿಂದ ಉತ್ತರ ಬಾರದೇ ಹೋದಾಗ ಆಟೊಮೇಷನ್ ಮತ್ತೆ ಪ್ರಯತ್ನಿಸುತ್ತದೆ, ಮೊದಲ ಯತ್ನ ಯಶಸ್ವಿಯಾಗಿದ್ದರೆ ಒಂದು ಗಂಟೆ ಎರಡಾಗುತ್ತದೆ. ಆದ್ದರಿಂದ ವ್ಯಕ್ತಿ, ಮೂಲದ ಗುರುತು, ಆರಂಭದ ಸಮಯ ಈ ಮೂರನ್ನೂ ಸೇರಿಸಿ ಒಂದು ಕೀಲಿ ಮಾಡಿ ನಿಮ್ಮ ಕಡೆಯ ಕೋಷ್ಟಕದಲ್ಲಿ ಇಡಿ. ಆ ಕೀಲಿ ಮೊದಲೇ ಇದ್ದರೆ ಬರೆಯುವ ಮುನ್ನ ಟಾಗಲ್‌ನಲ್ಲಿ ನೋಡಿಕೊಳ್ಳಲಿ. ಪ್ರತಿ ಸೋಮವಾರ ಮರುಕಳಿಸುವ ಸಭೆಯಾದರೆ ಇಡೀ ಸರಣಿಯ ಗುರುತನ್ನಲ್ಲ, ಆ ದಿನದ ಸಭೆಯ ಗುರುತನ್ನು ಬಳಸಿ. ಟಾಗಲ್‌ನಂಥದೇ ಇನ್ನೊಂದು ತಂತ್ರಾಂಶವಾದ ಹಾರ್ವೆಸ್ಟ್ ಬಳಸುವವರಿಗೆ ಈ ಕೆಲಸ ಇನ್ನೂ ಸುಲಭ, ಅಲ್ಲಿ ಪ್ರತಿ ನಮೂದಿಗೆ ಹೊರಗಿನ ಮೂಲದ ಗುರುತನ್ನು ಅಂಟಿಸಲು ಪ್ರತ್ಯೇಕ ಕ್ಷೇತ್ರವೇ ಇದ್ದು, ಅದರಿಂದಲೇ ಹುಡುಕಲೂ ಬರುತ್ತದೆ.

ವೆಬ್‌ಹುಕ್ ಬಳಸುವುದಾದರೆ ಸುತ್ತು ಬೀಳದಂತೆ ನೋಡಿಕೊಳ್ಳಿ. ನಮೂದು ಬದಲಾದಾಗ ಟಾಗಲ್ ನಿಮಗೆ ಸುದ್ದಿ ಕಳುಹಿಸುತ್ತದೆ, ನಿಮ್ಮ ಆಟೊಮೇಷನ್ ಆ ನಮೂದಿಗೆ ಟ್ಯಾಗ್ ಹಚ್ಚುತ್ತದೆ, ಟ್ಯಾಗ್ ಹಚ್ಚಿದ್ದೂ ಒಂದು ಬದಲಾವಣೆಯೇ ಆದ್ದರಿಂದ ಮತ್ತೆ ಸುದ್ದಿ ಬರುತ್ತದೆ. ಟ್ಯಾಗ್ ಮೊದಲೇ ಇದೆಯೇ ಎಂದು ನೋಡಿ ಸುಮ್ಮನಾಗುವ ಒಂದು ಷರತ್ತು ಸಾಕು. ಬಂದ ಸುದ್ದಿ ನಿಜವಾಗಿ ಟಾಗಲ್‌ನಿಂದಲೇ ಬಂದದ್ದೇ ಎಂಬುದನ್ನು ಅದರೊಂದಿಗಿರುವ ಎಚ್‌ಮ್ಯಾಕ್ ಸಹಿಯಿಂದ (ಇಬ್ಬರಿಗಷ್ಟೇ ಗೊತ್ತಿರುವ ಗುಪ್ತಪದದಿಂದ ಮಾಡಿದ ಗುರುತು) ಪರಿಶೀಲಿಸಿ. ಆ ವಿಳಾಸ ಗೊತ್ತಾದ ಯಾರು ಬೇಕಾದರೂ ಸುಳ್ಳು ಸುದ್ದಿ ಕಳುಹಿಸಬಲ್ಲರು.

ಉಚಿತ ಯೋಜನೆಯ ಮಿತಿ ನಿಮಗೆ ಬೇಗನೆ ತಾಗುತ್ತದೆ. ಅದರಲ್ಲಿ ಎಪಿಐ ಕರೆಗಳು ಒಬ್ಬ ಬಳಕೆದಾರರಿಗೆ ಗಂಟೆಗೆ 30 ಮಾತ್ರ. ನಿಮಿಷಕ್ಕೊಮ್ಮೆ ಹೊಸತೇನಿದೆ ಎಂದು ಕೇಳುವ ಆಟೊಮೇಷನ್ ಅರ್ಧ ಗಂಟೆಯಲ್ಲೇ ಅದನ್ನು ಮುಗಿಸುತ್ತದೆ. ಏಜೆಂಟ್ ಇನ್ನೂ ದುಂದು: ಒಂದು ಪ್ರಶ್ನೆಗೆ ಉತ್ತರಿಸಲು ಅದು ಗ್ರಾಹಕರ ಪಟ್ಟಿ, ಯೋಜನೆಗಳ ಪಟ್ಟಿ, ಟ್ಯಾಗ್‌ಗಳ ಪಟ್ಟಿ ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳುತ್ತದೆ. ಮಿತಿ ಮೀರಿದಾಗ ಟಾಗಲ್ ಕೊಡುವ ದೋಷ ಸಂಕೇತ 402, ಸಾಮಾನ್ಯವಾಗಿ ಇಂಥಲ್ಲಿ ನಿರೀಕ್ಷಿಸುವ 429 (ಕರೆಗಳು ಹೆಚ್ಚಾದವು ಎಂಬ ಸಂಕೇತ) ಅಲ್ಲ. 429ಕ್ಕಷ್ಟೇ ಕಾಯಲು ಕಲಿತ ಆಟೊಮೇಷನ್ ಇದನ್ನು ಬೇರೇನೋ ದೋಷವೆಂದು ತಿಳಿದು ಆ ದಿನದ ನಮೂದುಗಳನ್ನು ಕೈಬಿಟ್ಟೀತು. ಪಟ್ಟಿಗಳನ್ನು ದಿನಕ್ಕೊಮ್ಮೆ ತಂದು ನಿಮ್ಮ ಬಳಿ ಇಟ್ಟುಕೊಂಡು, ನಮೂದುಗಳನ್ನು ಸಂಜೆ ಒಂದು ಸಲ ಓದಿದರೆ ಐದು ಜನರಿಗೆ ಉಚಿತ ಯೋಜನೆಯೇ ಸಾಕಾಗುತ್ತದೆ.

ಟೋಕನ್ ಕೊಡುವ ಬಗ್ಗೆ ನೀವು ಕೇಳಿದ್ದೀರಿ. ಟಾಗಲ್‌ನ ಎಪಿಐ ಟೋಕನ್ ಓದಲು ಮಾತ್ರ ಎಂಬ ಬಗೆಯಲ್ಲಿ ಸಿಗುವುದಿಲ್ಲ. ಅದು ಯಾರದೋ ಅವರ ಎಲ್ಲ ಅಧಿಕಾರವನ್ನೂ ಹೊತ್ತಿರುತ್ತದೆ. ಸಂಸ್ಥೆಯ ಮಾಲೀಕರ ಟೋಕನ್ ಏಜೆಂಟಿನ ಕೈಗೆ ಸಿಕ್ಕರೆ ಕಳೆದ ವರ್ಷದ ನಮೂದುಗಳನ್ನು ಅಳಿಸುವ ಅಧಿಕಾರವೂ ಸಿಕ್ಕಂತೆ. ಆದ್ದರಿಂದ ಟೋಕನ್ ಏಜೆಂಟಿಗೆ ಕಾಣಿಸಲೇಬಾರದು. ಏಜೆಂಟ್ ಮತ್ತು ಟಾಗಲ್ ನಡುವೆ ನಿಮ್ಮದೇ ಒಂದು ತೆಳು ಪದರವಿರಲಿ. 2024ರ ನವೆಂಬರಿನಲ್ಲಿ ಎಐ ಸಂಸ್ಥೆ ಆಂತ್ರಾಪಿಕ್ ಪ್ರಕಟಿಸಿದ ಎಂಸಿಪಿ, ಅಂದರೆ ಏಜೆಂಟನ್ನು ಹೊರಗಿನ ಉಪಕರಣಗಳಿಗೆ ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಇದಕ್ಕೆ ತಕ್ಕ ವ್ಯವಸ್ಥೆ. ಅದರಲ್ಲಿ ನೀವು ಬರೆಯುವ ಚಿಕ್ಕ ಸರ್ವರ್ ಏಜೆಂಟಿಗೆ ಮೂರೇ ಉಪಕರಣಗಳನ್ನು ತೋರಿಸಿದರೆ ಸಾಕು: ಈ ದಿನದ ನಮೂದುಗಳನ್ನು ಓದುವುದು, ಯೋಜನೆಗಳ ಪಟ್ಟಿಯನ್ನು ನೋಡುವುದು, ಕರಡು ಕೋಷ್ಟಕಕ್ಕೆ ಒಂದು ಸಾಲು ಸೇರಿಸುವುದು. ಅಳಿಸುವ, ತಿದ್ದುವ ಉಪಕರಣವೇ ಅಲ್ಲಿ ಇಲ್ಲದಿದ್ದರೆ ಏಜೆಂಟ್ ಎಷ್ಟೇ ದಾರಿ ತಪ್ಪಿದರೂ ಹಾನಿ ಕರಡಿನೊಳಗೇ ಉಳಿಯುತ್ತದೆ. ಯಾರೋ ಬರೆದು ಹಂಚಿದ ಸಿದ್ಧ ಎಂಸಿಪಿ ಸರ್ವರನ್ನು ಹಾಕಿಕೊಳ್ಳುವುದಾದರೆ ಅದರ ಉಪಕರಣಗಳ ಪಟ್ಟಿಯನ್ನು ಓದಿ ನೋಡಿ. ‘ಓದಲು ಮಾತ್ರ’ ಎಂಬ ಗುರುತು ಅಲ್ಲಿ ಸರ್ವರ್ ತನ್ನ ಬಗ್ಗೆ ತಾನೇ ಕೊಟ್ಟುಕೊಳ್ಳುವ ಸೂಚನೆಯಷ್ಟೇ, ಅದನ್ನು ಯಾರೂ ತಡೆದು ಜಾರಿಗೊಳಿಸುವುದಿಲ್ಲ.

ಇಷ್ಟೊಂದು ಎಚ್ಚರಿಕೆ ಏಕೆಂದರೆ, ಕ್ಯಾಲೆಂಡರಿನಲ್ಲಿರುವ ಪಠ್ಯವನ್ನು ಹೊರಗಿನವರೂ ಬರೆಯಬಲ್ಲರು. ಆಹ್ವಾನದ ವಿವರಣೆಯಲ್ಲಿ ಏಜೆಂಟಿಗೆಂದೇ ಬರೆದ ಸೂಚನೆ ಅಡಗಿದ್ದರೆ, ಏಜೆಂಟ್ ಅದನ್ನು ನಿಮ್ಮ ಸೂಚನೆಯೆಂದೇ ಪಾಲಿಸುವ ಅಪಾಯವಿದೆ. ಇದು ಕಲ್ಪನೆಯಲ್ಲ, 2025ರ ಆಗಸ್ಟಿನಲ್ಲಿ ಸಂಶೋಧಕರು ಗೂಗಲ್‌ನ ಜೆಮಿನಿ ಸಹಾಯಕವನ್ನು ಬರೀ ಕ್ಯಾಲೆಂಡರ್ ಆಹ್ವಾನದ ಮೂಲಕವೇ ದಾರಿ ತಪ್ಪಿಸಿ ತೋರಿಸಿದರು. ಆಹ್ವಾನದ ಶೀರ್ಷಿಕೆ, ಸಮಯ, ಹಾಜರಿರಬೇಕಾದವರ ಪಟ್ಟಿ ಇಷ್ಟನ್ನೇ ಏಜೆಂಟಿಗೆ ಕೊಟ್ಟು ವಿವರಣೆಯನ್ನು ಕೈಬಿಡಿ. ಶೀರ್ಷಿಕೆಯಲ್ಲೂ ಚೇಷ್ಟೆ ಮಾಡಬಹುದು ನಿಜ, ಆದರೆ ಕರಡಿನ ಹೊರಗೆ ಬರೆಯಲಾರದ, ಹೊರಗಿನವರಿಗೆ ಇಮೇಲ್ ಕಳುಹಿಸಲಾರದ ಏಜೆಂಟ್ ಆ ಚೇಷ್ಟೆಯಿಂದ ಮಾಡಬಹುದಾದುದು ಬಹಳ ಕಡಿಮೆ.

ನಿಮ್ಮ ನಾಲ್ವರು ಸಹೋದ್ಯೋಗಿಗಳಿಗೆ ಮೊದಲೇ ಬರಹದಲ್ಲಿ ತಿಳಿಸಿ, ಯಾವ ಮಾಹಿತಿ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಉದ್ಯೋಗದ ಉದ್ದೇಶಗಳಿಗೆ ಒಂದಿಷ್ಟು ಅವಕಾಶ ಕೊಟ್ಟಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುವಂತಿವೆ. ಆದರೆ ಐದು ಜನರ ಕಚೇರಿಯಲ್ಲಿ ಕಾಯ್ದೆಗಿಂತ ಮೊದಲು ಬರುವುದು ಪರಸ್ಪರ ವಿಶ್ವಾಸ. ಕಚ್ಚಾ ವಿಂಡೋ ದಾಖಲೆ ಅವರವರಿಗೆ ಮಾತ್ರ ಕಾಣಬೇಕು, ಮಾಲೀಕರಿಗೆ ಕಾಣುವುದು ಒಪ್ಪಿದ ನಮೂದು ಮಾತ್ರ. ಇದನ್ನು ಸಡಿಲಿಸಿದ ದಿನ ಟೈಮ್‌ಶೀಟ್ ಕಾವಲಿನ ಸಾಧನವಾಗುತ್ತದೆ, ಜನ ಮೌಸ್ ಅಲ್ಲಾಡಿಸುವುದನ್ನು ಕಲಿಯುತ್ತಾರೆ.

ತಿಂಗಳ ವರದಿಯನ್ನು ಏಜೆಂಟ್ ಬರೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಒಪ್ಪಿದ ನಮೂದುಗಳ ವಿವರಣೆಗಳನ್ನು ಗ್ರಾಹಕರಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಯೋಜನೆವಾರು ಒಂದೊಂದು ಪರಿಚ್ಛೇದ ಮಾಡುವುದರಲ್ಲಿ ಅದು ನಿಮಗಿಂತ ವೇಗಿ. ವರದಿಯಲ್ಲಿರುವ ಪ್ರತಿ ಸಂಖ್ಯೆಯೂ ಲೆಕ್ಕದ ಹಾಳೆಯಲ್ಲಿರುವ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಪ್ರೋಗ್ರಾಮಿನಿಂದಲೇ ಪರೀಕ್ಷಿಸಿ, ಆಗದಿದ್ದರೆ ವರದಿ ಹೊರಗೆ ಹೋಗದಂತೆ ತಡೆಯಿರಿ. ಕರಡು ತಯಾರಿಯಲ್ಲಿ ಎಐ ಬಳಸುತ್ತೇವೆ, ಪ್ರತಿ ನಮೂದನ್ನೂ ಕೆಲಸ ಮಾಡಿದವರೇ ಒಪ್ಪಿರುತ್ತಾರೆ ಎಂಬುದನ್ನು ಗ್ರಾಹಕರಿಗೆ ತಿಳಿಸಿಬಿಡಿ. ಅವರ ಸಭೆಗಳ ಹೆಸರುಗಳು ಎಐ ಸೇವೆಗೆ ಹೋಗುತ್ತವೆ ಎಂದಾದರೆ, ಗೋಪ್ಯತಾ ಒಪ್ಪಂದದ ಪ್ರಕಾರ ಅವರ ಅನುಮತಿಯೇ ಬೇಕಾಗಬಹುದು.

ಆರಂಭಿಸುವುದು ಓದುವ ಕಡೆಯಿಂದ. ಮೊದಲ ತಿಂಗಳು ಏಜೆಂಟಿನ ಕರಡನ್ನು ಯಾರಿಗೂ ತೋರಿಸದೆ ಕೋಷ್ಟಕದಲ್ಲಿ ಇಟ್ಟು, ಎಲ್ಲರೂ ಶುಕ್ರವಾರಕ್ಕೆ ಕಾಯದೆ ಅಂದಂದಿನ ಸಂಜೆ ಕೈಯಿಂದಲೇ ತುಂಬಲಿ. ತಿಂಗಳ ಕೊನೆಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಯೋಜನೆ ತಪ್ಪಿದ್ದು ಎಷ್ಟು, ಅವಧಿ ಕಾಲು ಗಂಟೆಗಿಂತ ಹೆಚ್ಚು ವ್ಯತ್ಯಾಸವಾದದ್ದು ಎಷ್ಟು, ಮನುಷ್ಯರು ಬರೆದು ಏಜೆಂಟಿಗೆ ಸುಳಿವೇ ಸಿಗದಿದ್ದದ್ದು ಎಷ್ಟು. ಫೋನಿನಲ್ಲಿ ಗ್ರಾಹಕರೊಂದಿಗೆ ಮಾತನಾಡಿದ್ದು, ಬಿಳಿ ಹಲಗೆಯ ಮುಂದೆ ನಿಂತು ಚರ್ಚಿಸಿದ್ದು ಈ ಮೂರನೆಯ ಗುಂಪಿನಲ್ಲಿ ಇರುತ್ತವೆ, ಅವು ಬಿಲ್ ಮಾಡಬಹುದಾದ ಗಂಟೆಗಳೇ. ಎರಡನೆಯ ತಿಂಗಳು ಕರಡನ್ನು ತೋರಿಸಿ, ಒಪ್ಪಿಗೆ ಪಡೆದು ಬರೆಯಿರಿ. ಆಗ ಒಬ್ಬರು ಏನನ್ನೂ ತಿದ್ದದೆ ಸತತವಾಗಿ ಎಲ್ಲವನ್ನೂ ಒಪ್ಪುತ್ತಿದ್ದಾರೆ ಎಂದು ಕಂಡುಬಂದರೆ ಏಜೆಂಟ್ ನಿಖರವಾಯಿತೆಂದು ಸಂತೋಷಪಡುವ ಮೊದಲು ಅವರೊಂದಿಗೆ ಕುಳಿತು ಒಂದು ದಿನದ ನಮೂದುಗಳನ್ನು ಕೇಳಿ ನೋಡಿ. ಓದದೇ ಗುಂಡಿ ಒತ್ತುತ್ತಿದ್ದರೆ ಆ ವ್ಯಕ್ತಿಯ ಕರಡಿನಲ್ಲಿ ಯೋಜನೆಯ ಹೆಸರನ್ನು ಖಾಲಿ ಬಿಟ್ಟು, ಅವರೇ ಆರಿಸುವಂತೆ ಬದಲಿಸಿ.